ಮಾವನ ಎಣ್ಣೆಗೆ ಬಗ್ಗದ ಕೀರಲು

ನನ್ನ ಮಾವ ತಿರುಮಲೈಸಾಮಿಗೆ ಎಲ್ಲ ರೋಗಕ್ಕೂ ಎಣ್ಣೆಯೇ ಮದ್ದು. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಹೊಲಿಗೆ ಮೆಷಿನ್ನು ಹಟ ಹಿಡಿದರೆ ಎಣ್ಣೆ. ಸೋಮನೂರಿನ ಪವರ್‌ಲೂಮ್ ಶೆಡ್ಡುಗಳಲ್ಲಿ ನಲವತ್ತೆರಡು ವರ್ಷ ಮಗ್ಗ ರಿಪೇರಿ ಮಾಡಿದವರು, ಅಭ್ಯಾಸ ಎಲ್ಲಿ ಬಿಡುತ್ತದೆ? ಆದರೆ ಮೊನ್ನೆ ಬಟ್ಟೆ ಒಣಗಿಸುವ ಮೆಷಿನ್ನಿಗೂ ಸುರಿದುಬಿಟ್ಟರು. ನನ್ನ ಮಗಳು ಇಲಕ್ಕಿಯಾಳ ಬಿಳೀ ಸ್ಕೂಲ್ ಶರಟು ಬೆನ್ನ ಮೇಲೆ ಉದ್ದಕ್ಕೆ ಒಂದು ಕರೀ ಪಟ್ಟೆ ಹೊತ್ತು ಹೊರಗೆ ಬಂತು. ಮೂರು ಸಲ ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ. ನನಗೆ ಬಂದ ಸಿಟ್ಟೂ ಹೋಗಲಿಲ್ಲ.

ಈ ಮೆಷಿನ್ನು ನಮಗೆ ಷೋಕಿಯಲ್ಲ. ಮನೆಯ ಎರಡೂ ಪಕ್ಕ ಮಗ್ಗದ ಶೆಡ್ಡುಗಳಿವೆ. ಹೊರಗೆ ಹಗ್ಗದ ಮೇಲೆ ಬಟ್ಟೆ ಹಾಕಿದರೆ ಸಾಯಂಕಾಲದೊಳಗೆ ಅದರ ಮೇಲೆಲ್ಲ ಹತ್ತಿಯ ಸಣ್ಣ ಎಳೆಗಳು ಕೂತಿರುತ್ತವೆ. ಆರು ವರ್ಷದ ಇಲಕ್ಕಿಯಾ ಆ ಬಟ್ಟೆ ತೊಟ್ಟಳೆಂದರೆ ರಾತ್ರಿಯೆಲ್ಲ ಉಬ್ಬಸ. ಬಟ್ಟೆ ಹೊರಗೆ ಒಣಗಿಸಲೇಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ನನ್ನ ಗಂಡ ನವನೀತನ್, ತಿರುಪ್ಪೂರಿನಲ್ಲಿ ತಾನು ಕೆಲಸ ಮಾಡುವ ಬನಿಯನ್ ಕಂಪನಿ ಮಾರಿದ ಹಳೇ ಮೆಷಿನ್ನೊಂದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು.

ಬಂದ ಮೆಷಿನ್ನಿಗೆ ಎರಡು ಸದ್ದು. ಒಳಗೆ ಬಟ್ಟೆ ತಿರುಗಿಸುವ ಡಬ್ಬ ಒಂದು ಸುತ್ತು ಬಂದಾಗಲೆಲ್ಲ ಧಡ್ ಎಂಬ ಗುದ್ದು, ಅದರ ಜೊತೆಗೆ ಕಿವಿಗೆ ದಬ್ಬಳ ಚುಚ್ಚಿದ ಹಾಗೆ ಒಂದು ಕೀರಲು. ಸ್ವಿಚ್ಚು ಹಾಕಿದರೆ ಸಾಕು, ಇಲಕ್ಕಿಯಾ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಅತ್ತರೆ ಉಬ್ಬಸ ಏರುತ್ತದೆ. ಮಗುವಿನ ಉಸಿರಿಗೆಂದು ತಂದ ಮೆಷಿನ್ನನ್ನು ಮಗು ಮನೆಯಲ್ಲಿದ್ದಾಗ ಓಡಿಸುವ ಹಾಗಿಲ್ಲ, ಉಬ್ಬಸ ಬಂದ ಮಗು ಮನೆ ಬಿಟ್ಟು ಹೋಗುವ ಹಾಗಿಲ್ಲ. ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಮುಗ್ಗಲು ಹಿಡಿಯುತ್ತಿತ್ತು.

ನಾನು ಕೊಯಮತ್ತೂರಿನಿಂದ ಒಬ್ಬ ಮೆಕಾನಿಕ್ಕನ್ನು ಕರೆಸಿದೆ. ಮಾವ ಅವನನ್ನು ಗೇಟಿನಲ್ಲೇ ನಿಲ್ಲಿಸಿ, ನಾಲ್ಕು ಪ್ರಶ್ನೆ ಕೇಳಿ, ಒಂದು ಲೋಟ ಕಾಫಿ ಕೊಡಿಸಿ ವಾಪಸು ಕಳಿಸಿದರು. ಹಿಂದೆ ಶೆಡ್ಡಿನ ಬಾಗಿಲಲ್ಲಿ ನಿಂತೇ ಇಪ್ಪತ್ತನಾಲ್ಕು ಮಗ್ಗಗಳಲ್ಲಿ ಯಾವುದರ ನಟ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ ಕಿವಿಯಂತೆ ಮಾವನದು. ಅದೇ ಶೆಡ್ಡಿನಲ್ಲಿ ಮೂವತ್ತು ವರ್ಷ ಮಗ್ಗ ಓಡಿಸಿದ ನಮ್ಮತ್ತೆ ಕುಪ್ಪಮ್ಮ ಈ ಕಥೆಯನ್ನು ನನಗೆ ನೂರು ಸಲವಾದರೂ ಹೇಳಿದ್ದಾರೆ.

ಇದ್ದದ್ದು ಇದ್ದ ಹಾಗೆ ಹೇಳಬೇಕು. ಭಾನುವಾರ ಮಾವ ಮೆಷಿನ್ನು ಬಿಚ್ಚಿ, ಡಬ್ಬದ ಕೆಳಗೆ ಸವೆದುಹೋಗಿದ್ದ ಉರುಳೆಗೆ, ಮಗ್ಗದಲ್ಲಿ ಲಾಳಿಯನ್ನು ಹೊಡೆಯುವ ಹಳೇ ತೊಗಲಿನ ತುಂಡೊಂದನ್ನು ಕೊರೆದು ಕೂರಿಸಿದರು. ಗುದ್ದು ನಿಂತುಹೋಯಿತು. ಕೀರಲು ಮಾತ್ರ ಇದ್ದಲ್ಲೇ ಇತ್ತು. ನಾನು ಹೇಳಿದರೆ ಮಾವ ತಲೆ ಅಲ್ಲಾಡಿಸಿ ನಕ್ಕರು. ಅತ್ತೆಯನ್ನು ಕೇಳಿದರೆ ಅವರೂ ಏನೂ ಇಲ್ಲವೆಂದರು. ಗಂಡ ಎಷ್ಟಾದರೂ ಮಗನಲ್ಲವೇ, ಒಂದು ಚೂರು ಇದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ನನ್ನ ಸಮಾಧಾನಕ್ಕೆಂದು ಮಾವ ಅದಕ್ಕೂ ಎಣ್ಣೆ ಬಿಟ್ಟರು. ಶರಟಿನ ಗತಿ ಮೊದಲೇ ಹೇಳಿದ್ದೇನೆ.

ಆಮೇಲೆ ನನಗೇ ಬುದ್ಧಿ ಹೇಳಿದರು. ಕುನ್ನತ್ತೂರಿನ ಬೇಸಾಯದ ಮನೆಯ ಹುಡುಗಿ, ಮೆಷಿನ್ ಎಂದರೆ ಭಯ ಇರುತ್ತದಂತೆ. ಪಕ್ಕದ ಶೆಡ್ಡಿನವರು ಹೊಸ ತರಿ ಹಾಕಿದ್ದಾರಲ್ಲ, ಎಷ್ಟು ಮೆತ್ತಗೆ ಓಡುತ್ತದೆ, ಇದೂ ಹಾಗೇ ಓಡುತ್ತಿದೆ ಎಂದರು. ತರಿ ಎಂದರೆ ನಮ್ಮ ಕಡೆ ಮಗ್ಗ. ಯಾವ ಹೊಸ ತರಿಯೋ ಏನೋ, ನನಗಿದ್ದ ಉರಿಯಲ್ಲಿ ನಾನು ಕೇಳಲಿಲ್ಲ.

ಮಾವನ ಮೇಲೆ ನನಗೆ ಹಳೆಯ ಕೋಪವೂ ಒಂದಿತ್ತು. ಅಡುಗೆಮನೆಯಿಂದ ಎಷ್ಟು ಕೂಗಿದರೂ ಓ ಎನ್ನುವುದಿಲ್ಲ. ಎದುರಿಗೆ ನಿಂತು ಬಾಯೊಳಗೇ ಗೊಣಗಿದ್ದಕ್ಕೆ ಮಾತ್ರ ಟಪ್ಪೆಂದು ಉತ್ತರ ಬರುತ್ತದೆ. ಜಾಣಕಿವುಡು ಎಂದೇ ನಾನು ತೀರ್ಮಾನ ಮಾಡಿಕೊಂಡಿದ್ದೆ. ತವರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಹಾಗೇ ಹೇಳಿದ್ದೆ.

ಗುರುವಾರ ಮಧ್ಯಾಹ್ನ, ಬೆಳಗಿನಿಂದ ಕೆಮ್ಮಿ ಸುಸ್ತಾಗಿ ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ಅಷ್ಟರಲ್ಲಿ ಹಿಂದಿನ ವರಾಂಡದಲ್ಲಿ ಕೀರಲು ಶುರುವಾಯಿತು. ಓಡಿದೆ. ಮಾವ ಎಣ್ಣೆ ಡಬ್ಬಿ ಹಿಡಿದು ಮೆಷಿನ್ನಿನ ಮುಂದೆ ಕೂತಿದ್ದರು. ಮಗು ಎದ್ದೀತೆಂದು ನಾನು ಗಂಟಲಿನಿಂದ ಸ್ವರವನ್ನೇ ಹೊರಡಿಸಲಿಲ್ಲ, ಬರೀ ತುಟಿ ಆಡಿಸಿದೆ: "ನಿಲ್ಸಿ ಮಾವ, ಪಾಪು ಈಗ್ತಾನೆ ಮಲಗೈತೆ."

"ಮಲಗ್ಲಿ ಬಿಡಮ್ಮ," ಎಂದರು ಮಾವ. "ಸದ್ದೇ ಇಲ್ವಲ್ಲ."

ಬೈಯಬೇಕೆಂದು ಬಾಯಿ ತೆರೆದವಳಿಗೆ ಆಗ ಹೊಳೆಯಿತು. ನಾನು ಮಾತೇ ಆಡಿರಲಿಲ್ಲ, ಇವರು ಉತ್ತರ ಕೊಟ್ಟಿದ್ದರು. ಸ್ವಿಚ್ಚು ಆರಿಸಿದೆ. ಅವರ ಬೆನ್ನ ಹಿಂದೆ ಹೋಗಿ ಮಾವ ಎಂದು ಎರಡು ಸಲ ಕರೆದೆ. ಅವರು ಡಬ್ಬಿಯ ಮೂತಿ ಒರೆಸುತ್ತಲೇ ಇದ್ದರು. ಎದುರಿಗೆ ಬಂದು, ಮತ್ತೆ ಸ್ವರವಿಲ್ಲದೆ, ಕಾಫಿ ಬೇಕಾ ಎಂದೆ.

"ಅರ್ಧ ಲೋಟ ಸಾಕು," ಎಂದರು.

ಇವರು ನನ್ನ ತುಟಿ ಓದುತ್ತಿದ್ದರು. ಇಪ್ಪತ್ತನಾಲ್ಕು ಮಗ್ಗ ಓಡುವ ಶೆಡ್ಡಿನಲ್ಲಿ ಯಾರೂ ಸ್ವರ ಎತ್ತಿ ಮಾತಾಡುವುದಿಲ್ಲ. ಆಚೆ ಸಾಲಿನವರ ತುಟಿ ನೋಡಿ ಈಚೆ ಸಾಲಿನವರು ಉತ್ತರ ಕೊಡುತ್ತಾರೆ. ಇವರೂ ಅತ್ತೆಯೂ ಸಂಸಾರದ ಜಗಳವನ್ನೆಲ್ಲ ಹಾಗೇ ಆಡಿ ಮುಗಿಸಿದವರು. ಕಿವಿ ಯಾವತ್ತು ಹೋಯಿತೋ ಇವರಿಗೇ ಗೊತ್ತಾಗಿಲ್ಲ, ಅತ್ತೆಯ ಕಿವಿಯೂ ಅದೇ ಶೆಡ್ಡಿನಲ್ಲಿ ಸವೆದದ್ದು, ಅವರಿಗಂತೂ ಗೊತ್ತಾಗುವ ದಾರಿಯೇ ಇಲ್ಲ. ಒಂಬತ್ತು ವರ್ಷ ಇದೇ ಮನೆಯಲ್ಲಿದ್ದು ನಾನು ಅದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೇಗೆ ಹೇಳಲಿ ಎಂದು ನಾನು ತಡಕಾಡುತ್ತಿರುವಾಗಲೇ ಮಾವ ಮತ್ತೆ ಸ್ವಿಚ್ಚು ಹಾಕಿದರು. ಇಲಕ್ಕಿಯಾ ಎದ್ದು ಬಂದು ಬಾಗಿಲಲ್ಲಿ ನಿಂತಳು. ಎರಡೂ ಕೈ ಕಿವಿಯ ಮೇಲಿತ್ತು, ಮುಖ ಅಳುವಿಗೆ ತಿರುಗಿತ್ತು. ಮಾವ ಅವಳನ್ನು ನೋಡಿದರು, ಮೆಷಿನ್ನು ನೋಡಿದರು, ಮತ್ತೆ ಅವಳ ಕೈಗಳನ್ನೇ ನೋಡಿದರು. ಮಗುವನ್ನು ಭಯಸ್ಥೆ ಎಂದೋ ಹಟಮಾರಿ ಎಂದೋ ಅನ್ನಲು ಅವರಿಗೆ ಬಾಯಿ ಬರಲಿಲ್ಲ. ನಿಧಾನಕ್ಕೆ ಅಂಗೈಯನ್ನು ಮೆಷಿನ್ನಿನ ಮೈಮೇಲೆ ಇಟ್ಟು ಸವರುತ್ತ ಹೋದರು. ಬೆಲ್ಟನ್ನು ಬಿಗಿಹಿಡಿಯುವ ಸಣ್ಣ ಚಕ್ರ ಇರುವ ಕಡೆ ಕೈ ನಿಂತಿತು. ಅಲ್ಲಿ ಅದುರುತ್ತಿದೆ ಎಂದು ತಮಗೆ ತಾವೇ ಹೇಳಿಕೊಂಡು ಸ್ವಿಚ್ಚು ಆರಿಸಿದರು.

ಗೋಡೆಯಾಚೆಯ ಶೆಡ್ಡಿನ ಕಡೆ ತಿರುಗಿ ನೋಡಿದರು. ಬೆಳಗ್ಗೆ ಆರರಿಂದ ಅದು ಧಡಧಡ ಓಡುತ್ತಲೇ ಇತ್ತು. ಆಮೇಲೆ ನನ್ನ ತುಟಿಯನ್ನೇ ನೋಡುತ್ತ ಕೇಳಿದರು: "ಪಕ್ಕದಲ್ಲಿ ಹೊಸ ತರಿ ಹಾಕಿಲ್ವಾ?"

"ಇಲ್ಲ ಮಾವ. ಅದೇ ಹಳೇವು. ನೀವು ಕೂರ್ಸಿದ್ದೇ."

ಅವರು ತಲೆಯಾಡಿಸಿದರು. ಎಣ್ಣೆ ಡಬ್ಬಿಯನ್ನು ಮೆಷಿನ್ನಿನ ಮೇಲಿಂದ ತೆಗೆದು ಕೆಳಗಿಟ್ಟರು.

"ಆ ಮೆಕಾನಿಕ್ಕನ್ಗೆ ಫೋನ್ ಮಾಡಮ್ಮ," ಎಂದರು.

ಇಡೀ ವಾರ ಈ ಒಂದು ಮಾತಿಗಾಗಿ ನಾನು ಮನೆಯವರೆಲ್ಲರ ಜೊತೆ ಜಗಳ ಆಡಿದ್ದೆ. ಫೋನ್ ಕೈಯಲ್ಲೇ ಇತ್ತು, ನಂಬರ್ ಒತ್ತಲು ನನ್ನಿಂದ ಆಗಲಿಲ್ಲ.