ಶಿಸ್ತಿಗೆ ಹತ್ತಕ್ಕೆ ಹತ್ತು

ಮೂರು ಶಾಲೆಗಳನ್ನು ಅಳೆದು ತೂಗಿ ನಾನು ಆರಿಸಿದ ಶಾಲೆಯಲ್ಲಿ ನನ್ನ ಮಗಳು ಆರು ತಿಂಗಳು ಏಟು ತಿಂದಳು.

ಅಮೆರಿಕದ ಏಪೆಕ್ಸ್ ಎಂಬ ಊರಿಗೆ ಮನೆ ಬದಲಾಯಿಸಿದ ವರ್ಷ ನಾನು ಮಾಡಿದ ಮೊದಲ ಕೆಲಸ, ಸುತ್ತಮುತ್ತಲಿನ ಚಾರ್ಟರ್ ಶಾಲೆಗಳನ್ನು ಹೋಲಿಸಿ ಒಂದು ಶೀಟ್ ತಯಾರಿಸಿದ್ದು. ಚಾರ್ಟರ್ ಎಂದರೆ ಸರ್ಕಾರದ ದುಡ್ಡಿನಲ್ಲಿ ಬೇರೆಯವರು ನಡೆಸುವ ಶಾಲೆ; ಫೀಸಿಲ್ಲ, ಆದರೆ ಸೀಟು ಲಾಟರಿಯಲ್ಲಿ ಬರಬೇಕು. ಗಣಿತಕ್ಕೊಂದು ಕಾಲಂ, ವಿಜ್ಞಾನಕ್ಕೊಂದು, ಮನೆಯಿಂದ ದೂರಕ್ಕೊಂದು, ಶಿಸ್ತಿಗೊಂದು. ಒಂದು ಶಾಲೆಯಲ್ಲಿ ಮಕ್ಕಳು ಗಲಗಲ ಮಾತಾಡುತ್ತಾ ಓಡಾಡುತ್ತಿದ್ದರು. ಶಿಸ್ತಿಗೆ ನಾಲ್ಕು ಕೊಟ್ಟೆ. ಇನ್ನೊಂದು ತೀರಾ ದೂರ. ಮೂರನೆಯದರಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು ಬಾಯಿ ಮುಚ್ಚಿಕೊಂಡು ಸಾಲಾಗಿ ಹೋಗುತ್ತಿದ್ದರು. ಹತ್ತಕ್ಕೆ ಹತ್ತು.

ಮೈಸೂರಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಮರದ ಡಸ್ಟರಿನಿಂದ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ಒಮ್ಮೆ ನನ್ನ ಉಗುರು ಕಪ್ಪಾಗಿ ಉದುರಿಹೋಯಿತು. ಅದನ್ನು ನಾನು ಇಲ್ಲಿ ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ದಂಡಂ ದಶಗುಣಂ ಎಂದರೆ ಎಲ್ಲರೂ ನಗುತ್ತಿದ್ದರು. ನನ್ನ ಶೀಟು ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಮನೆಮನೆಗೂ ತಲುಪಿತು.

ಎರಡನೇ ವರ್ಷದ ಲಾಟರಿಯಲ್ಲಿ ಸೀಟು ಬಂತು, ಮಗಳು ಆರನೇ ತರಗತಿಗೆ ಸೇರಿದಳು. ಅವಳ ಕ್ಲಾಸಿನಲ್ಲೊಬ್ಬ ಹುಡುಗಿ ಇದ್ದಳು, ಇವಳಿಗಿಂತ ಒಂದು ಗೇಣು ಎತ್ತರ. ಮೊದಲು ಜಡೆ ಹಿಡಿದು ಎಳೆದಳು. ಆಮೇಲೆ ಲಾಕರಿನ ಬಾಗಿಲಿಗೆ ಬೆರಳು ಸಿಕ್ಕಿಸಿದಳು. ಆಮೇಲೆ ಸ್ಟೀಲ್ ಬಾಟಲಿಯಿಂದ ತೋಳಿಗೆ ಹೊಡೆಯತೊಡಗಿದಳು. ಒಂದು ಬಾವು ಇಳಿಯುವುದರೊಳಗೆ ಅದರ ಪಕ್ಕದಲ್ಲಿ ಇನ್ನೊಂದು ಏಳುತ್ತಿತ್ತು.

"ಅಪ್ಪ, ಅವಳು ಹಿಟ್ ಮಾಡ್ತಾಳೆ. ಎವ್ರಿ ಡೇ," ಎಂದಳು ಮಗಳು.

"ನೀನು ಮಾತ್ರ ಕೈ ಎತ್ತಬೇಡ ಪುಟ್ಟಿ. ಸಸ್ಪೆಂಡ್ ಮಾಡಿದ್ರೆ ರೆಕಾರ್ಡ್ ಹಾಳಾಗತ್ತೆ. ವೇಟ್‌ಲಿಸ್ಟ್‌ನಲ್ಲಿ ಎಷ್ಟು ಜನ ಕಾಯ್ತಿದಾರೆ ಗೊತ್ತಾ?"

ಶಾಲೆಗೆ ಹೋಗಿ ಕೂಗಾಡಿ ಬನ್ನಿ ಎಂದಳು ಹೆಂಡತಿ. ನಾನು ಬಹಳ ವಿನಯದಿಂದ ಒಂದು ಇಮೇಲ್ ಬರೆದೆ. ಹೇಡಿಯ ಇಮೇಲ್ ಅದು, ಈಗ ಓದಿದರೆ ಮೈ ಉರಿಯುತ್ತದೆ.

ಆ ಶಾಲೆಗೆ ಬಸ್ಸಿಲ್ಲ. ಮಧ್ಯಾಹ್ನ ತಂದೆತಾಯಂದಿರು ಕಾರುಗಳಲ್ಲಿ ಸಾಲುಗಟ್ಟಿ ಕಾಯಬೇಕು. ಮಾರ್ಚಿನ ಒಂದು ದಿನ ನನ್ನ ಕಾರು ನಾಲ್ಕನೆಯದು. ಬಾಗಿಲ ಬಳಿ ಆ ಹುಡುಗಿ ನನ್ನ ಮಗಳ ಬೆನ್ನಿಗೆ ಒದ್ದದ್ದು ಕಂಡಿತು. ಮಗಳು ಮುಗ್ಗರಿಸಿ, ಎದ್ದು, ಸ್ಟೀಲ್ ಊಟದ ಡಬ್ಬಿಯನ್ನು ಅವಳ ಬಾಯಿಗೆ ಬೀಸಿದಳು. ತುಟಿ ಸೀಳಿ ಬಿಳಿ ಕಾಲರಿನ ಮೇಲೆ ರಕ್ತ ಸುರಿಯಿತು. ಮಗಳು ಅಷ್ಟಕ್ಕೆ ನಿಲ್ಲಿಸಲಿಲ್ಲ. ಹುಡುಗಿ ಕೆಳಗೆ ಬಿದ್ದ ಮೇಲೂ ಎರಡು ಸಲ ಹೊಡೆದಳು. ಟೀಚರ್ ಬಂದು ಬಿಡಿಸಿದರು. ನನಗೆ ಆ ಮಗುವಿನ ರಕ್ತ ಲೆಕ್ಕಕ್ಕೇ ಬರಲಿಲ್ಲ, ಸೀಟು ಹೋಯಿತು ಎಂದಷ್ಟೇ ಹೊಳೆಯಿತು.

ಮನೆಯ ಬಾಗಿಲು ಹಾಕಿದ ಕೂಡಲೇ ಅಡುಗೆಮನೆಯಲ್ಲಿ ಮಗಳ ಕೆನ್ನೆಗೆ ಬಾರಿಸಿದೆ. ಅವಳ ತಲೆ ಫ್ರಿಜ್ಜಿಗೆ ಬಡಿಯಿತು. ಮತ್ತೆ ಕೈ ಎತ್ತಿದೆ. ಹೆಂಡತಿ ನನ್ನ ಮಣಿಕಟ್ಟು ಹಿಡಿದು ಉಗುರು ಊರಿದಳು, ಚರ್ಮ ಕಿತ್ತುಬಂತು.

"ಇನ್ನೊಂದು ಏಟು ಬಿದ್ರೆ ಪೊಲೀಸಿಗೆ ನಾನೇ ಫೋನ್ ಮಾಡ್ತೀನಿ. ಜೈಲಲ್ಲಿ ಕೂತು ಸ್ಕೂಲ್ ಕಂಪೇರ್ ಮಾಡಿ," ಎಂದಳು. ಮಗಳು ಅಳಲಿಲ್ಲ. ಕೆನ್ನೆ ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಶಾಲೆಯ ಆಫೀಸಿನಲ್ಲಿ ಎರಡೂ ಮನೆಯವರನ್ನು ಕೂರಿಸಿದರು. ಆ ಹುಡುಗಿಯ ತುಟಿಗೆ ಹೊಲಿಗೆ ಬಿದ್ದಿತ್ತು. ಕೌನ್ಸೆಲರ್ ನನ್ನ ಮಗಳ ತೋಳಿನ ಬಾವುಗಳನ್ನು ನೋಡಿದರು. ಆಮೇಲೆ ಕೆನ್ನೆ ನೋಡಿದರು. ನಾಲ್ಕು ಬೆರಳೂ ಎಣಿಸುವಂತಿದ್ದವು. ಇದನ್ನು ಯಾರು ಮಾಡಿದರು ಎಂದು ಕೇಳಿದರು.

ಮಗಳು ಒಮ್ಮೆ ನನ್ನ ಕಡೆ ನೋಡಿದಳು. ನಂತರ ಎದುರಿನ ಹುಡುಗಿಯ ಕಡೆ ಬೆರಳು ತೋರಿಸಿದಳು.

ಆ ಹುಡುಗಿ ಕುರ್ಚಿಯಿಂದ ಎದ್ದು, ಹೊಲಿಗೆ ಬಿದ್ದ ಬಾಯಲ್ಲೇ ಸುಳ್ಳು ಸುಳ್ಳು ಎಂದು ಕಿರುಚಿದಳು. ತನ್ನ ಮಗಳು ಒದೆಯುತ್ತಾಳೆ, ದೂಡುತ್ತಾಳೆ, ಅದು ತನಗೆ ಗೊತ್ತು, ಆದರೆ ಮುಖ ಮುಟ್ಟಿಲ್ಲ ಎನ್ನುತ್ತಿದ್ದಾಳೆ ಎಂದು ಅವಳ ತಾಯಿ ಅತ್ತರು. ಆ ಹುಡುಗಿಗೆ ಮೊದಲೇ ಎರಡು ಎಚ್ಚರಿಕೆ ಆಗಿದ್ದವಂತೆ, ಅವಳ ಮಾತನ್ನು ಯಾರೂ ನಂಬಲಿಲ್ಲ. ನಾನು ಅಂಗಿಯ ತೋಳು ಇಳಿಸಿ, ಮಣಿಕಟ್ಟಿನ ಗಾಯ ಮುಚ್ಚಿಕೊಂಡು ಕೂತಿದ್ದೆ. ವಾರದೊಳಗೆ ಆ ಹುಡುಗಿಯನ್ನು ಶಾಲೆಯಿಂದ ತೆಗೆದರು. ನನ್ನ ಮಗಳಿಗೆ ಮೂರು ದಿನದ ಸಸ್ಪೆನ್ಷನ್, ಅಷ್ಟೇ.

ಖಾಲಿಯಾದ ಸೀಟು ವೇಟ್‌ಲಿಸ್ಟಿನಲ್ಲಿ ಮೊದಲಿದ್ದ ನಮ್ಮ ಗ್ರೂಪಿನವರೊಬ್ಬರ ಮಗಳಿಗೆ ಹೋಯಿತು. ಅವರು ಫೋನ್ ಮಾಡಿದಾಗ ನಾನು ಮಗಳನ್ನು ಹತ್ತಿಸಿಕೊಂಡು ಅದೇ ಕಾರಿನ ಸಾಲಿನಲ್ಲಿದ್ದೆ, ಫೋನು ಸ್ಪೀಕರಿನಲ್ಲಿತ್ತು.

"ನಿಮ್ಮ ಶೀಟ್ ನೋಡೇ ಅಪ್ಲೈ ಮಾಡಿದ್ದು ಸರ್. ಡಿಸಿಪ್ಲಿನ್‌ಗೆ ಹತ್ತಕ್ಕೆ ಹತ್ತು ಕೊಟ್ಟಿದೀರಲ್ಲ, ಹಾಗೇ ಇದೆ ತಾನೆ?"

"ಹಾಗೇ ಇದೆ," ಎಂದೆ.

ಫೋನು ಇಟ್ಟ ಮೇಲೆ ಕನ್ನಡಿಯಲ್ಲಿ ಮಗಳನ್ನು ನೋಡಿ, ಆವತ್ತು ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ಅವಳು ಬೇರೆ ಸ್ಕೂಲ್‌ಗೆ ಹೋಗ್ಬೋದು. ನೀನು ಜೈಲಿಗೆ ಹೋಗ್ತಿದ್ದೆ," ಎಂದಳು. ಆಮೇಲೆ, "ಐ ಕಂಪೇರ್ಡ್, ಅಪ್ಪ," ಎಂದಳು.

ಆಫೀಸಿನ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ ತೆರೆದೇ ಇತ್ತು. ಹಿಂದಿನ ಕಾರಿನವರು ಹಾರ್ನ್ ಹೊಡೆದರು. ನಾನು ಕಾರನ್ನು ಮುಂದಕ್ಕೆ ಬಿಟ್ಟೆ.