ಸೂತ್ರಕ್ಕೆ ಹೊಂದದ ದೊಡ್ಡಮ್ಮ

ಮೊನ್ನೆ ಬಚ್ಚಲುಮನೆಗೆ ಹೊಸ ಪ್ಲಾಸ್ಟಿಕ್ ಪರದೆ ತಂದೆ. ಮಡಿಕೆ ಬಿಚ್ಚಿದ ಕೂಡಲೇ ಉಸಿರು ಕಟ್ಟಿಸುವಂಥ ವಾಸನೆ ಮೂಗಿಗೆ ಅಡರಿತು. ಗಂಡ ನಕ್ಕರು. ನಾನು ಅದನ್ನು ಸುತ್ತಿ ಬಾಲ್ಕನಿಗೆ ಎಸೆದು ಬಹಳ ಹೊತ್ತು ಕೈ ತೊಳೆದೆ. ಹೋಟೆಲ್ ದೊಡ್ಡಮ್ಮ ನೆನಪಾಗಿದ್ದರು...

ತೊಂಬತ್ತರ ದಶಕ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ದಾವಣಗೆರೆಯಿಂದ ವಡೋದರಕ್ಕೆ ಬಂದಿದ್ದೆವು. ಆಹಾರವಿಜ್ಞಾನ ಓದಿದ್ದ ನನಗೆ ಒಬ್ಬ ಡಾಕ್ಟರ ಬಳಿ ಸಂಶೋಧನೆಯ ಸಹಾಯಕಿಯ ಕೆಲಸ ಸಿಕ್ಕಿತು. ಮನುಷ್ಯ ಸುಮ್ಮನೆ ಮಲಗಿದ್ದರೂ ಉಸಿರಾಡಲು, ಗುಂಡಿಗೆ ಬಡಿಯಲು ದೇಹ ಒಂದಿಷ್ಟು ಶಕ್ತಿಯನ್ನು ಸುಡುತ್ತದೆ. ಅದನ್ನು ತೂಕ, ಎತ್ತರ, ವಯಸ್ಸಿನಿಂದ ಅಂದಾಜು ಮಾಡುವ ಸೂತ್ರಗಳಿದ್ದವು. ಅವು ವಯಸ್ಸಾದವರ ಮಟ್ಟಿಗೆ ಎಷ್ಟು ನಿಜ ಎಂದು ನೋಡುವುದೇ ಡಾಕ್ಟರ ಕೆಲಸ. ಮುದುಕರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದು ಮಲಗಬೇಕು. ಮುಖದ ಮೇಲೆ ಆ ಪರದೆಯದೇ ವಾಸನೆಯ ಪ್ಲಾಸ್ಟಿಕ್ ಮುಸುಕು ಹಾಕಿ, ಅವರ ಉಸಿರನ್ನು ಕೊಳವೆಯಲ್ಲಿ ಯಂತ್ರಕ್ಕೆ ಬಿಟ್ಟು ಅಳೆದು, ಸೂತ್ರದ ಉತ್ತರದ ಪಕ್ಕದಲ್ಲಿ ನಾನು ಬರೆದಿಡಬೇಕು.

ಜನ ಸಾಲದಾದಾಗ ನಾನೇ ಹೋಗಿ ದೊಡ್ಡಮ್ಮನನ್ನು ಕರೆದೆ. ಸಂಬಂಧಿಕರಲ್ಲ, ಕುಂದಾಪುರದ ಕಡೆಯವರು. ಸ್ಟೇಷನ್ ಹತ್ತಿರ ಮಗ ಉಡುಪಿ ಹೋಟೆಲ್ ಇಟ್ಟಿದ್ದ. ಎಪ್ಪತ್ತರ ಹತ್ತಿರವಾಗಿದ್ದರೂ ಸಾಂಬಾರಿನ ಮಸಾಲೆ ಅವರೇ ಹುರಿಯಬೇಕು. ಆ ಊರಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವ ಹಕ್ಕಿದ್ದದ್ದು ಅಮ್ಮನನ್ನು ಬಿಟ್ಟರೆ ಅವರಿಗೆ ಮಾತ್ರ.

"ಸುಮ್ಮನೆ ಮಲಗುದಕ್ಕೂ ಪರೀಕ್ಷೆ ಉಂಟಾ ಮಾರಾಯ್ತಿ?" ಎಂದು ನಗುತ್ತಲೇ ಬಂದರು.

ಅವರ ಅಳತೆ ಸೂತ್ರದ ಉತ್ತರಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಬಂತು. ಉಳಿದವರದ್ದು ಹೆಚ್ಚುಕಡಿಮೆ ಹೊಂದುತ್ತಿತ್ತು. ಯಂತ್ರ ಒರೆಸಿ ಮರುದಿನ ಮತ್ತೆ ಮಲಗಿಸಿದೆ. ಮೂರನೆಯ ದಿನವೂ ಅಷ್ಟೇ. ಜನವರಿಯ ಚಳಿಯಲ್ಲೂ ಅವರು ಫ್ಯಾನ್ ಹಾಕು ಎಂದರು. ರವಿಕೆ ತೋಳು ಜೋಲುತ್ತಿತ್ತು.

"ಎರಡು ಪಟ್ಟು ಉಣ್ತೇನೆ ಮಗಾ, ಮೈಗೆ ಹತ್ತುದಿಲ್ಲ. ಎದೆ ಒಂದು ಡವಡವ ಹೊಡ್ಕೊಳ್ತದೆ. ವಯಸ್ಸಲ್ವಾ!"

ಥೈರಾಯ್ಡ್ ಅತಿಯಾಗಿ ದೇಹ ಹೆಚ್ಚು ಶಕ್ತಿ ಸುಡುತ್ತಿರಬಹುದು ಎಂದು ನನಗೆ ಅನ್ನಿಸಿತ್ತು. ಓದಿದ್ದೆನಲ್ಲ. ಕಾಗದ ಹಿಡಿದು ಡಾಕ್ಟರ ಕೋಣೆಗೆ ಹೋದೆ.

"ನೋಡಿ ಬೆನ್," ಎಂದರು ಅವರು, ಚಹಾದ ತಟ್ಟೆಯಿಂದ ಕಣ್ಣೆತ್ತದೆ. "ಮುದುಕಿ ಅಲುಗಾಡಿರಬೇಕು. ತೆಗೆದುಹಾಕಿ."

"ಮೂರು ಸಲ ನೋಡಿದೆ ಸರ್. ರಕ್ತ ಪರೀಕ್ಷೆ ಮಾಡಿಸಿದರೆ..."

"ನಾವು ಪರೀಕ್ಷಿಸುತ್ತಿರುವುದು ಸೂತ್ರವನ್ನು, ರೋಗಿಯನ್ನಲ್ಲ. ನೀವು ಡಾಕ್ಟರಾ?"

ಬಿಸ್ಕತ್ತಿನ ಚೂರು ಅಂಟಿದ್ದ ಆ ತುಟಿಗಳು ಇವತ್ತಿಗೂ ಕಣ್ಣಿಗೆ ಕಟ್ಟಿ ಅಸಹ್ಯವಾಗುತ್ತದೆ. ಆದರೆ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿದ ಕೈ ನನ್ನದು.

ಹೊರಗೆ ದೊಡ್ಡಮ್ಮ ಕಾಯುತ್ತಿದ್ದರು. "ನಂದು ಎಷ್ಟು ಬಂತು ಮಗಾ? ಪಾಸಾ?"

"ಎಲ್ಲಾ ಸರಿಯಾಗಿದೆ ದೊಡ್ಡಮ್ಮ."

ಮುಖ ಅರಳಿತು. ಸೆರಗಿನಡಿಯಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗಿತ್ತರು. ಗೋಳಿಬಜೆ, ಇನ್ನೂ ಬೆಚ್ಚಗಿತ್ತು. ನಾನು ತಿಂದೆ. ಅದೂ ಚಪ್ಪರಿಸಿಕೊಂಡು... ಛೀ.

ಅದೇ ವರ್ಷ ಅಹಮದಾಬಾದಿನ ಸಭೆಯೊಂದರಲ್ಲಿ ಡಾಕ್ಟರು ಪ್ರಬಂಧ ಓದಿದರು. ಸ್ಲೈಡ್ ಬದಲಿಸುವ ಕೆಲಸ ನನ್ನದು. ಪರದೆಯ ಮೇಲೆ ಚುಕ್ಕೆಗಳೆಲ್ಲ ಗೆರೆಗೆ ಅಂಟಿಕೊಂಡು ಕೂತಿದ್ದವು, ಒಂದೂ ಆಚೀಚೆ ಇಲ್ಲ. ಸೂತ್ರ ನಂಬಲರ್ಹ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಅಡುಗೆಮನೆಯಲ್ಲಿ ಕುಸಿದರು. ಬೇರೆ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯ ಯುವ ವೈದ್ಯೆ ಅವರ ಕುತ್ತಿಗೆ ಮುಟ್ಟಿ, ನಡುಗುವ ಬೆರಳು ನೋಡಿ, ಆ ದಿನವೇ ಥೈರಾಯ್ಡ್ ಎಂದರಂತೆ. ಆಗಲೇ ಗುಂಡಿಗೆ ಸೋತಿತ್ತು. ನಾಲ್ಕು ದಿನ ಇದ್ದರು. ನಾನು ನೋಡಲು ಹೋಗಲಿಲ್ಲ.

ವೈಕುಂಠ ಸಮಾರಾಧನೆಗೆ ಅಮ್ಮ ಎಳೆದುಕೊಂಡು ಹೋದರು. ಎಲೆಯ ಮುಂದೆ ಕೂತಿದ್ದಾಗ ಮಗ ಪಾಯಸದ ಪಾತ್ರೆ ಹಿಡಿದು ಬಂದವನು ನನ್ನೆದುರು ಬಗ್ಗಿದ.

"ನೀವು ಮಷೀನಲ್ಲಿ ಎಲ್ಲ ನೋಡಿ ಸರಿ ಉಂಟು ಅಂದಿದ್ರಿ ಅಂತ ಅಮ್ಮ ಎಲ್ಲರ ಹತ್ರ ಹೇಳ್ತಿದ್ರು. ಡಾಕ್ಟ್ರ ಹತ್ರ ಹೋಗುವ ಅಂದ್ರೆ, ಮತ್ತೆ ಎಂತಕ್ಕೆ ಅಂತಿದ್ರು. ನೀವು ಅಷ್ಟಾದ್ರೂ ನೋಡಿದ್ರಿ. ಉಪಕಾರ ಆಯ್ತು."

ಅವನ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಪಾಯಸ ಬಡಿಸಿ ಮುಂದಿನ ಎಲೆಗೆ ಹೋದ. ನಾನು ಪಾಯಸ ಉಂಡೆ. ಮರುದಿನ ಕೆಲಸ ಬಿಟ್ಟೆ. ಕಾರಣವಾಗಿ ಮನೆಯ ತೊಂದರೆ ಎಂದು ಬರೆದುಕೊಟ್ಟೆ.

ಈಗ ಕಾಲೇಜಿನಲ್ಲಿ ಇವೇ ಸೂತ್ರಗಳನ್ನು ಕಲಿಸುತ್ತೇನೆ. ಹೊಂದದ ಅಳತೆ ಬಂದರೆ ಮೊದಲು ಎದುರಿನ ಮನುಷ್ಯರನ್ನು ನೋಡಿ ಎನ್ನುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ. ನನಗೆ ನನ್ನ ಬಗ್ಗೆಯೇ ಹೇಸಿಗೆಯಾಗುತ್ತದೆ. ಆ ಹೋಟೆಲ್ ಈಗಿಲ್ಲವಂತೆ. ಮಗ ಎಲ್ಲಿದ್ದಾನೋ ತಿಳಿಯದು, ಹುಡುಕಿಯೂ ಇಲ್ಲ.

ಕೊನೆಯ ಪರೀಕ್ಷೆಯ ದಿನ ದೊಡ್ಡಮ್ಮನಿಗೆ ಆಟೋ ಸಿಗುವುದು ತಡವಾಗಿತ್ತು. ಹತ್ತು ನಿಮಿಷ ನಾವಿಬ್ಬರೇ ಗೇಟಿನ ಹತ್ತಿರ ನಿಂತಿದ್ದೆವು. ಈ ವರ್ಷ ಚಳಿಯೇ ಇಲ್ಲ ಎಂದರು ಅವರು. ನಾನು ಶಾಲು ಬಿಗಿಯಾಗಿ ಸುತ್ತಿಕೊಂಡು ಹೌದು ಎಂದೆ.