ಅತ್ತಿಗೆಯನ್ನು ಕೇಳುತ್ತಿದ್ದವರು

ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸನ್ನು ಮೊನ್ನೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಬೇಕಿತ್ತು. ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕಲ್ಲ ಎಂದು, ಪಡೀಲಿನ ನಮ್ಮ ಮನೆಯ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ್ದ ಹಳೆಯದೊಂದನ್ನು ಇಳಿಸಿದೆ. ಧೂಳು ಒರೆಸಿ, ಒಳಗೆ ಜೇಡವೇನಾದರೂ ಇದೆಯೇ ಎಂದು ಮುಖದ ಹತ್ತಿರ ಹಿಡಿದು ನೋಡಿದೆ. ಎಣ್ಣೆಯ ವಾಸನೆ ಬಂತು. ದಾಸವಾಳದ ಎಲೆ, ಮೆಂತೆ ಹಾಕಿ ಕಾಯಿಸಿದ ತೆಂಗಿನೆಣ್ಣೆ. ಇಷ್ಟು ವರ್ಷಗಳಾದ ಮೇಲೂ...

ಅದು ನನ್ನ ಅತ್ತಿಗೆಯ ತಲೆಯ ವಾಸನೆ.

ಅಣ್ಣ ಕುವೈತಿನಲ್ಲಿದ್ದ. ಮದುವೆಯಾಗಿ ಬಂದ ಅತ್ತಿಗೆ ನಮ್ಮ ಜೊತೆ ಮನೆಯಲ್ಲಿದ್ದರು. ನಾನಾಗ ಒಂದು ಗಿಡಗಳ ನರ್ಸರಿಯ ಕೆಲಸ ಬಿಟ್ಟು, ಮನೆಗಳಲ್ಲಿ ಹುಲ್ಲುಹಾಸು ಮಾಡಿಕೊಡುವ, ಆಮೇಲೆ ಅದನ್ನು ಕತ್ತರಿಸಿ ನೋಡಿಕೊಳ್ಳುವ ಸಣ್ಣ ವ್ಯಾಪಾರ ಶುರುಮಾಡಿದ್ದೆ. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಆಗುತ್ತಿರಲಿಲ್ಲ. "ಅದನ್ನು ನಾನು ಮಾಡ್ತೇನೆ, ನೀನು ಹುಲ್ಲು ನೋಡು" ಎಂದು ಅತ್ತಿಗೆ ಸೇರಿಕೊಂಡರು. ಅಷ್ಟರಿಂದ ಎಲ್ಲ ಶುರುವಾಯಿತು.

ಅವರಿಗೆ ಹುಲ್ಲು ಕತ್ತರಿಸುವ ಮೆಷಿನ್ ಕಂಡರೆ ಹೆದರಿಕೆ. ಸ್ಟಾರ್ಟ್ ಮಾಡಿದರೆ ಕಿವಿ ಮುಚ್ಚಿಕೊಂಡು ಗೇಟಿನವರೆಗೆ ಓಡುತ್ತಿದ್ದರು. ನಾನು ಬಿಸಿಲಲ್ಲಿ ಬಗ್ಗಿ ನಾಚಿಕೆಮುಳ್ಳು ಕೀಳುವಾಗ ಅವರು ಮನೆಯವರ ಜೊತೆ ಜಗಲಿಯಲ್ಲಿ ಕೂತಿರುತ್ತಿದ್ದರು. ಅವರಿಗೆ ಚಹಾ ಒಳಗಿನಿಂದ ತಟ್ಟೆಯಲ್ಲಿ ಬರುತ್ತಿತ್ತು, ಜೊತೆಗೆ ಬಿಸ್ಕತ್ತು. ನನ್ನ ಲೋಟವನ್ನು ಕಂಪೌಂಡ್ ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದರು. ಕೈ ತೊಳೆದು ಬರುವಷ್ಟರಲ್ಲಿ ಅದರಲ್ಲಿ ಇರುವೆ ಬಿದ್ದಿರುತ್ತಿತ್ತು.

ಒಮ್ಮೆ ಕೆಲಸ ಕೊಟ್ಟವರು ಮತ್ತೆ ಕರೆದರೆ ಮಾತ್ರ ನಮ್ಮ ವ್ಯಾಪಾರ ನಡೆಯುತ್ತದೆ. ಮಳೆ ನಿಂತ ಮೇಲೆ, ದೀಪಾವಳಿಗೆ ಮೊದಲು, ಮಗನ ಮದುವೆಗೆ, ಮೊಮ್ಮಗುವಿನ ತೊಟ್ಟಿಲಿಗೆ... ಹಾಗೆ ಮತ್ತೆ ಕರೆದವರೆಲ್ಲ ಕೇಳುತ್ತಿದ್ದುದು ಅತ್ತಿಗೆಯನ್ನು. ಹುಲ್ಲು ಹಸಿರಾದದ್ದು ನನ್ನ ಕೈಯಿಂದ; ನೆನಪಿನಲ್ಲಿ ಉಳಿದದ್ದು ಅವರ ಮುಖ. "ನಿಮ್ಮ ಅತ್ತಿಗೆ ಬರ್ಲಿಲ್ವಾ?" ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ನನಗೆ ಆ ಪ್ರಶ್ನೆಯೇ ಮೈಗೆ ಚುಚ್ಚುವ ಹಾಗಾಗಿತ್ತು. ಮನೆಯಲ್ಲಿ ಅಮ್ಮನೂ ಅಷ್ಟೆ. "ಅವಳಿಗೆ ಮಾತು ಬರ್ತದೆ, ನಿನಗೆ ಕೆಲಸ ಬರ್ತದೆ" ಎನ್ನುತ್ತಿದ್ದರು, ಇಬ್ಬರನ್ನೂ ಹೊಗಳಿದ ಹಾಗೆ. ನನಗೆ ಮಾತ್ರ ಮೊದಲಿನ ಅರ್ಧ ಕೇಳಿಸುತ್ತಿತ್ತು.

ಉರ್ವದಲ್ಲಿ ಒಂದು ದೊಡ್ಡ ಮನೆ ಇತ್ತು. ಊರಿನಲ್ಲಿ ಗದ್ದೆ ತೋಟ ಇದ್ದವರು, ಈಗ ಹೋಟೆಲು ನಡೆಸುವವರು. ಆ ಮನೆಯ ಅಮ್ಮ ನಮ್ಮ ಮೊದಮೊದಲ ಗಿರಾಕಿ. ಒಂದು ವರ್ಷ ಅವರು ನಮಗೆ ಹೇಳದೆ, ಸಮವಸ್ತ್ರ ಹಾಕಿಕೊಂಡು ವ್ಯಾನಿನಲ್ಲಿ ಬರುವ ಯಾವುದೋ ಏಜೆನ್ಸಿಗೆ ಕೆಲಸ ಕೊಟ್ಟರು. ನಾನು ಬಸ್ಸಿನಲ್ಲಿ ಹೋಗುವಾಗ ಆ ವ್ಯಾನು ಅವರ ಗೇಟಿನ ಮುಂದೆ ನಿಂತದ್ದನ್ನು ಕಂಡು ಊಟ ಬಿಟ್ಟಿದ್ದೆ. ಮುಂದಿನ ವರ್ಷ ಮಗಳ ಮದುವೆ ನಿಶ್ಚಯವಾಯಿತು. ಮೆಹಂದಿ ಮನೆಯ ಅಂಗಳದಲ್ಲೇ ಆಗಬೇಕು. ನೋಡಿದರೆ ಹುಲ್ಲು ಅರ್ಧ ಒಣಗಿದೆ, ಉಳಿದರ್ಧದಲ್ಲಿ ಕಳೆ. ಆಗ ಫೋನ್ ಬಂತು, ಅತ್ತಿಗೆಗೆ.

"ಪುರುಸೊತ್ತಿಲ್ಲ ಅಂತ ಹೇಳಿ" ಎಂದು ನಾನು ಎದುರಿನಿಂದ ಕೈಸನ್ನೆ ಮಾಡಿದೆ. ಅತ್ತಿಗೆ ನನ್ನತ್ತ ಬೆನ್ನು ತಿರುಗಿಸಿ, "ಎಂತ ಅಮ್ಮ, ಮಗಳ ಮದುವೆಯಂತೆ! ನಮಗೆ ಊಟ ಉಂಟಲ್ಲ?" ಎಂದು ನಕ್ಕರು. ನಡುವೆ ಒಂದು ವರ್ಷ ಕಳೆದೇ ಇಲ್ಲ ಎನ್ನುವ ಹಾಗೆ.

ಫೋನ್ ಇಟ್ಟ ಮೇಲೆ ನಾನು ಹಾರಾಡಿದೆ. "ಬಿಟ್ಟು ಹೋದದ್ದು ಯಾಕೆ ಅಂತ ಒಂದು ಮಾತು ಕೇಳ್ಬಾರ್ದಾ ನಿಮಗೆ?"

"ಬೇರೆಯವರ ಹತ್ತಿರ ಹೋದದ್ದಕ್ಕೆ ಅವರಿಗೇ ನಾಚಿಕೆ ಆಗಿದೆ ಮಾರಾಯ್ತಿ. ಅದನ್ನು ನಾವು ಯಾಕೆ ಪುನಃ ಎತ್ತುವುದು?"

ಆ ಅಂಗಳದಲ್ಲಿ ನಾನು ಮೈಮುರಿದು ದುಡಿದೆ. ಕಳೆಯನ್ನು ಗಡ್ಡೆಸಮೇತ ಅಗೆದು, ಸತ್ತ ಹುಲ್ಲನ್ನು ಕಿತ್ತು, ಹೊಸ ಹುಲ್ಲಿನ ಹಾಳೆ ಹಾಸಿ, ಸಂದಿಗೆ ಮರಳು ತುಂಬಿ, ಬೆಳಿಗ್ಗೆ ಸಂಜೆ ಬಾವಿಯ ನೀರು ಬಿಟ್ಟೆ. ಅತ್ತಿಗೆ ಒಳಗೆ ಕೂತು ಸೀರೆ ನೋಡಿದರು, ಬಳೆಯ ಬಣ್ಣ ಆರಿಸಿದರು, ಮದುಮಗಳು ಸುಮ್ಮಸುಮ್ಮನೆ ಅಳುವಾಗ ಸಮಾಧಾನ ಮಾಡಿದರು. ಮೆಹಂದಿಯ ದಿನಕ್ಕೆ ಅಂಗಳ ಹೇಗಾಗಿತ್ತೆಂದರೆ, ಬಂದವರು ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಕಾಲಿಡುತ್ತಿದ್ದರು.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಆ ಅಮ್ಮ ಅತ್ತಿಗೆಯ ಕೈಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು. "ನಮ್ಮ ಅಂಗಳ ಇಷ್ಟು ಚಂದ ಮಾಡಿ ಕೊಟ್ಟದ್ದು ಇವರು" ಎಂದು ಎಲ್ಲರಿಗೂ ತೋರಿಸಿದರು. ನಾನು ನೀರಿನ ಪೈಪು ಸುತ್ತುತ್ತಾ ಗೇಟಿನ ಹತ್ತಿರ ನಿಂತಿದ್ದೆ. ಅತ್ತಿಗೆ ಅಲ್ಲಿಂದಲೇ ಕಣ್ಣಲ್ಲಿ ನನ್ನನ್ನು ಹುಡುಕಿ, ಇಳಿದು ಬಂದು, ತೋಳು ಹಿಡಿದು ಎಳೆದರು.

"ಬಾ, ನೀನೂ ಬಾ."

"ಕೈಯೆಲ್ಲ ಮಣ್ಣು" ಎಂದು ಕೊಸರಿಕೊಂಡೆ. ಅವರು ಮತ್ತೊಮ್ಮೆ ಕರೆಯಲಿ ಎಂದು ಆಸೆಯಿತ್ತು. ಅಷ್ಟರಲ್ಲಿ ಯಾರೋ ಅವರನ್ನು ಕೂರಿಸಿ ಕೈಗೆ ಮೆಹಂದಿ ಹಚ್ಚಲು ಶುರುಮಾಡಿದ್ದರು.

ವಾಪಸು ಬರುವಾಗ ಮೆಹಂದಿ ಕೆಡಬಾರದೆಂದು ಎರಡೂ ಕೈ ಮೇಲೆತ್ತಿಕೊಂಡು ಸ್ಕೂಟರಿನಲ್ಲಿ ಕೂತಿದ್ದರು. ಹಿಡಿದುಕೊಳ್ಳಲು ಏನೂ ಇರಲಿಲ್ಲ. "ಮೆಲ್ಲ ಹೋಗು ಮಾರಾಯ್ತಿ, ಬೀಳ್ತೇನೆ" ಎಂದು ಒಂದೇ ಸಮನೆ ಕೂಗುತ್ತಿದ್ದರು, ಜೊತೆಗೆ ನಗುತ್ತಲೂ ಇದ್ದರು. ನಾನು ಇನ್ನೂ ಜೋರಾಗಿ ಬಿಟ್ಟೆ.

ಆಮೇಲೆ ಅಣ್ಣ ಫ್ಯಾಮಿಲಿ ವೀಸಾ ಮಾಡಿಸಿ ಅವರನ್ನು ಕರೆಸಿಕೊಂಡ. ಹೊರಡುವ ಮೊದಲು ಅತ್ತಿಗೆ ಎಲ್ಲ ಗಿರಾಕಿಗಳಿಗೂ ಫೋನ್ ಮಾಡಿ, ಇನ್ನು ಮುಂದೆ ಇವಳೇ ಮಾತಾಡುತ್ತಾಳೆಂದು ಹೇಳಿ, ಆ ಸಿಮ್ಮನ್ನು ನನ್ನ ಕೈಯಲ್ಲಿಟ್ಟರು. ವಿಮಾನ ನಿಲ್ದಾಣದಲ್ಲಿ ಅಮ್ಮ ಅತ್ತರು. ನಾನೂ ಅತ್ತೆ. ಆದರೆ ಬಜಪೆಯ ಗುಡ್ಡ ಇಳಿಯುವಾಗ ಮನಸ್ಸು ಹಗುರವಾಗಿತ್ತು. ಇನ್ನು ಎಲ್ಲರೂ ನನ್ನನ್ನೇ ಕರೆಯಬೇಕಲ್ಲ.

ಎಲ್ಲಿ? ಫೋನ್ ಎತ್ತಿದರೆ ಮೊದಲ ಮಾತು, "ನಿಮ್ಮ ಅತ್ತಿಗೆ ಹೇಗಿದ್ದಾರೆ?" ಸಾಲದ್ದಕ್ಕೆ ಅವರು ಅಲ್ಲಿಂದಲೇ ವಾಟ್ಸಾಪಿನಲ್ಲಿ ಎಲ್ಲರೊಡನೆ ಮಾತಾಡುತ್ತಿದ್ದರು. "ಶಕ್ತಿನಗರದ ಡಾಕ್ಟ್ರ ಮನೆಗೆ ನಾಳೆ ಹೋಗು. ಹೋದ ಸಲ ನೀನು ಸಿಟ್ಟಲ್ಲಿ ಮಾತಾಡಿದಿಯಂತೆ, ನಿನ್ನನ್ನು ಕರೀಲಿಕ್ಕೆ ಅವರಿಗೆ ಹೆದರಿಕೆ" ಎಂದು ಕುವೈತಿನಿಂದ ನನಗೆ ಹೇಳುತ್ತಿದ್ದರು. ಪಡೀಲಿನಿಂದ ಶಕ್ತಿನಗರಕ್ಕೆ ಏನು ಮಹಾ ದೂರ? ನನಗೆ ಬರಬೇಕಾದ ಸುದ್ದಿ ಸಮುದ್ರ ದಾಟಿ ಸುತ್ತಿಕೊಂಡು ಬರುತ್ತಿತ್ತು. ಹೋಗುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಒಂದು ಶುಕ್ರವಾರ ಅಲ್ಲಿ ತಲೆನೋವೆಂದು ಮಧ್ಯಾಹ್ನ ಮಲಗಿದ ಅತ್ತಿಗೆ ಏಳಲಿಲ್ಲ. ತಲೆಯೊಳಗೆ ರಕ್ತಸ್ರಾವವಾಗಿದೆ ಎಂದರು. ಅಣ್ಣ ಪೆಟ್ಟಿಗೆಯ ಜೊತೆ ಬಂದಿಳಿದ...

ಪಡೀಲಿನ ನಮ್ಮ ಸಣ್ಣ ಅಂಗಳ ಆ ದಿನ ಸಾಲದೆ ಹೋಯಿತು. ನೆಂಟರಿಗಿಂತ ಗಿರಾಕಿಗಳೇ ಹೆಚ್ಚಿದ್ದರೇನೋ. ಉರ್ವದ ಅಮ್ಮ ಬಂದಿದ್ದರು. ಬಸುರಿಯಾಗಿದ್ದ ಅವರ ಮಗಳೂ ಬೇಡವೆಂದರೂ ಕೇಳದೆ ಬಂದಿದ್ದಳು. ಶಕ್ತಿನಗರದ ಡಾಕ್ಟರು ಆಸ್ಪತ್ರೆಯಿಂದ ನೇರ ಬಂದು ಚಪ್ಪರದ ಕಂಬ ಹಿಡಿದು ನಿಂತಿದ್ದರು. ನಮ್ಮ ಅಪ್ಪ ತೀರಿಕೊಂಡದ್ದೂ ಈ ವ್ಯಾಪಾರ ಶುರುವಾದ ಮೇಲೆಯೇ; ಆಗ ಇವರಲ್ಲಿ ಒಬ್ಬರೂ ಬಂದಿರಲಿಲ್ಲ. ಆ ಮುಖಗಳನ್ನೆಲ್ಲ ನೋಡುತ್ತಾ ನನಗೆ ಬಂದ ಯೋಚನೆ ಇದು: ನಾನು ಸತ್ತರೆ ಇವರಲ್ಲಿ ಯಾರು ಬರುತ್ತಾರೆ? ಅತ್ತಿಗೆ ಎದುರಿಗೆ ಬಿಳಿ ಬಟ್ಟೆಯಲ್ಲಿ ಮಲಗಿದ್ದಾರೆ, ನನಗೆ ಹೊಟ್ಟೆಯೊಳಗೆ ಅದೇ ಉರಿ. ಅಳು, ಉರಿ ಎರಡೂ ಒಟ್ಟಿಗೇ ಇದ್ದವು. ಒಂದು ಮತ್ತೊಂದನ್ನು ಕಡಿಮೆ ಮಾಡಲಿಲ್ಲ.

ವ್ಯಾಪಾರ ನಿಲ್ಲಲಿಲ್ಲ. ನಾನು ಫೋನಿನಲ್ಲಿ ಮಾತಾಡುವುದನ್ನು ಹೇಗೋ ಕಲಿತೆ, ಅವರ ಹಾಗಲ್ಲ. ಬಿಟ್ಟು ಹೋಗಿ ಮರಳಿದವರನ್ನು "ಯಾಕೆ ಹೋದಿರಿ?" ಎಂದು ಈಗಲೂ ಕೇಳುತ್ತೇನೆ. ಕೆಲವರು ಕಾರಣ ಹೇಳುತ್ತಾರೆ, ಕೆಲವರು ಫೋನ್ ಇಡುತ್ತಾರೆ. ಮೊದಮೊದಲು ಎಲ್ಲರೂ ಅತ್ತಿಗೆಯ ಮಾತೆತ್ತುತ್ತಿದ್ದರು. ನಾನು "ಹೌದು, ಹೌದು" ಎಂದು ಹುಲ್ಲಿನ ವಿಷಯಕ್ಕೆ ತಿರುಗಿಸುತ್ತಿದ್ದೆ. ಕ್ರಮೇಣ ಆ ಮಾತು ಕಡಿಮೆಯಾಯಿತು. ಉರ್ವದ ಅಮ್ಮ ಮಾತ್ರ ಬಿಟ್ಟಿರಲಿಲ್ಲ.

ನಿನ್ನೆ ಬೆಳಿಗ್ಗೆ ಅವರ ಫೋನ್ ಬಂತು. ಮೊಮ್ಮಗಳ ಹುಟ್ಟುಹಬ್ಬವಂತೆ, ಅಂಗಳ ಸರಿಮಾಡಬೇಕಂತೆ. ಯಾವ ದಿನ ಬರುತ್ತಿ, ಮಾವಿನ ಮರದಡಿ ಹುಲ್ಲು ಹಳದಿಯಾಗಿದೆ, ಅದಕ್ಕೆ ಎಂತ ಮಾಡುವುದು... ಎಲ್ಲ ನನ್ನನ್ನೇ ಕೇಳಿದರು. "ನೀನು ಬಂದ್ರೆ ಸಾಕು, ನನಗೆ ಮತ್ತೆ ಚಿಂತೆ ಇಲ್ಲ" ಎಂದರು. ಆ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! "ಆಯ್ತು, ಇಡ್ತೇನೆ" ಎಂದರು.

ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಇಷ್ಟು ಬೇಗ ಮರೆತುಬಿಟ್ಟರಲ್ಲ! ಮಗಳನ್ನು ಸಮಾಧಾನ ಮಾಡಿದವರು ಯಾರು, ಬಳೆ ಆರಿಸಿದವರು ಯಾರು?

"ಅಮ್ಮ, ಇಡ್ಬೇಡಿ" ಎಂದೆ. "ನೀವು ಅತ್ತಿಗೆಯ ವಿಷಯ ಎಂತದೂ ಕೇಳ್ಲಿಲ್ಲ."



"ಅವರ ಮಾತೆತ್ತಿದ್ರೆ ನಿನಗೆ ಬೇಜಾರಾಗ್ತದೆ ಅಂತ ಮಗಳು ಹೇಳಿದ್ಳು" ಎಂದರು ಮೆಲ್ಲಗೆ. "ಅದಕ್ಕೆ ಬಾಯಿಮುಚ್ಚಿ ಕೂತಿದ್ದೆ."

"ಬೇಜಾರಿಲ್ಲ ಅಮ್ಮ" ಎಂದೆ. "ಹೇಳಿ."

ಅವರು ಹೇಳತೊಡಗಿದರು. ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕೇಳಿದೆ. ನನಗೆ ಗೊತ್ತಿಲ್ಲದ ಅತ್ತಿಗೆ ಎಷ್ಟೊಂದು ಇದ್ದರು ಅವರ ಹತ್ತಿರ...